ಬಿದ್ದವರು ಯಾವ ಪುಟ ನೋಡಬೇಕು?

ಮಂತ್ರವಾದಿ ಗೋಪುರದ ತುದಿಯಿಂದ ಕಾಲು ಜಾರಿದಾಗ ಇನ್ನೂ ಬಿಸಿಲಿತ್ತು. ಅವನು ನೆಲ ಮುಟ್ಟುವಷ್ಟರಲ್ಲಿ ನಾನು ಎರಡು ಸಲ ಚಹಾ ಮಾಡಿ, ಒಂದು ಬಕೆಟ್ ಬಟ್ಟೆ ಹಿಂಡಿ, ತಾರಸಿಗೆ ಹೋಗಿ ಹರವಿ ಬಂದಿದ್ದೆ. ಗೋಪುರ ಅಷ್ಟು ಎತ್ತರವಿತ್ತೆಂದಲ್ಲ. ಬಿದ್ದವನಿಗೆ ಎಷ್ಟು ಪೆಟ್ಟಾಗುತ್ತದೆ ಎಂಬುದು ಪುಸ್ತಕದಲ್ಲಿ ಎಲ್ಲಿದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಗೋಪುರವಿದ್ದದ್ದು ನಮ್ಮ ಊಟದ ಮೇಜಿನ ಮೇಲೆ, ಅದೂ ಬರೀ ಬಾಯಿಮಾತಿನಲ್ಲಿ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಮಗಳು ಭಾನುವಾರ ಮಧ್ಯಾಹ್ನ ಮೂವರು ಗೆಳೆಯರನ್ನು ಕೂಡಿಸಿಕೊಂಡು ಒಂದು ಆಟ ಆಡುತ್ತಾಳೆ. ಅವಳು ಕಥೆ ನಡೆಸುವವಳು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ "ನಾನು ಬಾಗಿಲು ಒದೀತೀನಿ", "ನಾನು ಬೆಂಕಿ ಹಚ್ತೀನಿ" ಎನ್ನುತ್ತಾರೆ. ದಾಳ ಉರುಳಿಸಿದರೆ ಬಾಗಿಲು ಮುರಿಯಿತೋ ಕಾಲು ಮುರಿಯಿತೋ ಗೊತ್ತಾಗುತ್ತದೆ. ಕೊರಿಯರ್ ಆಫೀಸಿನ ದಪ್ಪ ಹುಡುಗ ಮಂತ್ರವಾದಿ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿರುವ ಹುಡುಗಿ, ನಮ್ಮ ಮನೆಯಲ್ಲಿ ಒಂದು ಬಿಸ್ಕತ್ತು ತೆಗೆದುಕೊಳ್ಳಲೂ ಕೇಳಿ ತೆಗೆದುಕೊಳ್ಳುವವಳು, ಆಟದಲ್ಲಿ ಪಕ್ಕಾ ಕಳ್ಳಿ. ಇಲಿ ಕಂಡರೆ ಕುರ್ಚಿ ಹತ್ತುವ ಟೈಲರ್ ಹುಡುಗಿ ಸೇನಾಪತಿ.

ಈ ಆಟದ ಕಾನೂನೆಲ್ಲ ಮೂರು ದಪ್ಪ ಪುಸ್ತಕಗಳಲ್ಲಿದೆ. ಆ ಭಾನುವಾರ ಮಗಳು ಮೊದಲನೆಯದರಲ್ಲಿ 'ಸಂಚಾರ' ತೆಗೆದಳು. ಬೀಳುವುದಕ್ಕೆ 'ಅಪಾಯಗಳು' ನೋಡಿ ಎಂದಿತ್ತು. 'ಅಪಾಯಗಳು' ಎರಡನೆಯ ಪುಸ್ತಕದಲ್ಲಿತ್ತು, ಪೆಟ್ಟಾದರೆ 'ಗಾಯಗಳು' ನೋಡಿ ಎಂದಿತ್ತು. 'ಗಾಯಗಳು' ಮೂರನೆಯದರಲ್ಲಿ ಸಿಕ್ಕಿತು. ಅಲ್ಲಿ, ಎತ್ತರದಿಂದ ಬಿದ್ದವರು ದಯವಿಟ್ಟು 'ಸಂಚಾರ' ನೋಡಿ ಎಂದು ಬರೆದಿತ್ತು.

"ನಾನು ಇನ್ನೂ ಗಾಳೀಲೇ ಇದೀನಾ?" ಎಂದ ಮಂತ್ರವಾದಿ, ಬಿಸ್ಕತ್ತು ಅಗಿಯುತ್ತ.

"ಸುಮ್ನಿರೋ. ಹುಡುಕ್ತಿದೀನಿ."

"ಹಂಗಾದ್ರೆ ನಾನು ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬರ್ತೀನಿ. ಬೀಳೋವಾಗ ಫೋನ್ ಮಾಡು."

ಕಳ್ಳಿ ಮೇಜಿಗೆ ತಲೆ ಇಟ್ಟು ನಿದ್ದೆ ಹೋದಳು. ಸೇನಾಪತಿ, ಎಲ್ಲ ಭಾನುವಾರವೂ ಹೀಗೇ ಆದರೆ ಮನೆಯಲ್ಲಿ ಬಟ್ಟೆ ಹೊಲಿಯುವುದೇ ವಾಸಿ ಎಂದಳು. ಮಗಳು, ಹಾಗಾದರೆ ಹೋಗಿ ಹೊಲಿ ಎಂದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ, ಮಂತ್ರವಾದಿ ಹೇಗೋ ನೆಲ ಮುಟ್ಟಿದ ಎಂದಿಟ್ಟುಕೊಂಡು, ಮುಂದಿನ ಭಾನುವಾರ ಒಂದು ದಿನ ಸೇರಿ ಗೋಪುರದ ಕಥೆ ಮುಗಿಸುವುದು, ಆಮೇಲೆ ಯಾರ ಪಾಡಿಗೆ ಯಾರು ಎಂದು ತೀರ್ಮಾನವಾಯಿತು. ಅವರು ಹೋದ ಮೇಲೆ ಮಗಳು ಮೂರು ಪುಸ್ತಕಗಳನ್ನೂ ರದ್ದಿಯವನಿಗೆಂದು ಹಳೆಯ ಪೇಪರಿನ ರಾಶಿಯ ಮೇಲಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾನುವಾರ ನಮ್ಮ ಮನೆಯಲ್ಲಿ ನಗು ಕೇಳುವುದು ಆ ಮೇಜಿನಿಂದಲೇ. ವಾರವೆಲ್ಲ ನಾವು ಮೂವರೂ ದುಡಿದು ದಣಿದು, ಉಪ್ಪು ಸಾಕಾ, ಹುಳಿ ಬೇಕಾ ಎಂಬ ಮಾತಷ್ಟೇ ಆಡುವವರು. ಅದಕ್ಕೇ ನಮ್ಮ ಮನೆಯವರು ಪೇಪರಿನ ರಾಶಿಯ ಹತ್ತಿರ ಹೋಗಿ ಪುಸ್ತಕಗಳನ್ನು ಎತ್ತಿಕೊಂಡು ಬಂದರು.

ನಮ್ಮ ಮನೆಯವರು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವರು. ಅಂಗೈಯಗಲದ ಕಿಂಡಿ, ಆಚೆ ಜನಸಾಗರ, ಈಚೆ ಅವರು. ಊರಿನ ಅರ್ಧ ಜನ ಅವರ ಮುಖವನ್ನು ಮೂಗಿನಿಂದ ಗದ್ದದವರೆಗೆ ಮಾತ್ರ ನೋಡಿದ್ದಾರೆ. ಪುಸ್ತಕ ತಿರುವಿ ತಿರುವಿ, ದೊಡ್ಡ ರೋಗ ಪತ್ತೆ ಮಾಡಿದ ವೈದ್ಯರಂತೆ ತಲೆ ಆಡಿಸಿದರು.

"ನೋಡು, ಕಿಟಕಿಗೆ ಬಂದೋರು ಯಾರಾದ್ರೂ 'ನಿರ್ಗಮನದ ವೇಳೆ ತಿಳಿಸಿ' ಅಂತಾರಾ? 'ನನ್ನ ಬಸ್ಸು ಹೋಯ್ತಾ?' ಅಂತಾರೆ. ಈ ಪುಸ್ತಕ ಬರೆದೋನು ಕಿಟಕಿ ಒಳಗೇ ಕೂತು ಬರೆದುಬಿಟ್ಟಿದಾನೆ. ಹೊರಗೆ ಬಿಸಿಲಲ್ಲಿ ನಿಂತೋನ ಬಾಯಲ್ಲಿ ಏನು ಬರುತ್ತೆ ಅಂತ ಅವನಿಗೆ ಗೊತ್ತಿಲ್ಲ."

ಮಗಳು ನೀರು ಕುಡಿಯಲು ಬಂದವಳು ಕೇಳಿಸಿಕೊಂಡಳು. "ಅಪ್ಪಾ, ನಿಂಗೆ ಆ ಆಟಾನೇ ಗೊತ್ತಿಲ್ಲ."

"ನಂಗೆ ಬಸ್ ಓಡ್ಸೋಕೂ ಬರಲ್ಲ. ಜನಾನ ಊರಿಗೆ ಕಳಿಸ್ತಿಲ್ವಾ?"

 ಮಗಳು ನೀರು ಕುಡಿದು ಹೋದಳು.

ಮಾರನೆಯ ದಿನವೇ ಹಳೆಯ ವೇಳಾಪಟ್ಟಿಗಳನ್ನು ಕತ್ತರಿಸಿದ ಬಣ್ಣಬಣ್ಣದ ಚೂರುಗಳೂ ಒಂದು ಗೋಂದಿನ ಬಾಟಲಿಯೂ ಮನೆಗೆ ಬಂದವು. ಪುಸ್ತಕದ ಪ್ರತಿ ಮುಖ್ಯ ಪುಟಕ್ಕೂ ಒಂದು ಪಟ್ಟಿ ಅಂಟಿಸುವುದು. ಅದು ಹೊರಗೆ ನಾಲಿಗೆ ಚಾಚಿಕೊಂಡಿರಬೇಕು. ಅದರ ಮೇಲೆ ಅಧ್ಯಾಯದ ಹೆಸರಲ್ಲ, ಕಷ್ಟದಲ್ಲಿರುವವನ ಬಾಯಿಂದ ಮೊದಲು ಹೊರಡುವ ಮಾತು ಇರಬೇಕು. ಇದು ಯೋಜನೆ. ಎಲ್ಲರೂ ಹೆಚ್ಚಾಗಿ ಕೇಳುವ ಪ್ರಶ್ನೆ ಯಾವುದೋ ಅದಕ್ಕೆ ಎಲ್ಲಕ್ಕಿಂತ ಮುಂದೆ, ರಟ್ಟಿನ ಒಳಗೇ ಕೆಂಪು ಪಟ್ಟಿ. ಆ ಪ್ರಶ್ನೆ ಯಾವುದೆಂದು ಇನ್ನೂ ಹೊಳೆಯದ ಕಾರಣ ಕೆಂಪು ಪಟ್ಟಿ ಖಾಲಿಯಾಗಿಯೇ ಅಂಟಿತು.

ಮೊದಲ ಪ್ರಯೋಗ ನನ್ನ ಮೇಲೆ ನಡೆಯಿತು. ನಾನು ಪಾತ್ರೆ ತೊಳೆಯುತ್ತಿದ್ದೆ.

"ನೀನು ಮಹಡಿಯಿಂದ ಬಿದ್ರೆ ಮೊದಲು ಏನಂತೀಯ?"

"ಅಯ್ಯೋ ಅಂತೀನಿ."

ಅವರು 'ಅಯ್ಯೋ' ಎಂದು ಬರೆದುಕೊಂಡರು. "ಮನೆಗೆ ಬೆಂಕಿ ಬಿದ್ರೆ?"

"ಅಯ್ಯೋ ಅಂತೀನಿ."

"ಚಿನ್ನ ಕಳೆದುಹೋದ್ರೆ?"

"ರೀ, ನಾನು ಬೇರೆ ಇನ್ನೇನು ಅನ್ಲಿ?"

"ನಿನ್ನೊಬ್ಬಳನ್ನೇ ಕೇಳಿದ್ರೆ ಪುಸ್ತಕವೆಲ್ಲ 'ಅಯ್ಯೋ' ಆಗುತ್ತೆ," ಎಂದು ಬೇಸರಪಟ್ಟುಕೊಂಡು ಅವರು ಊರಿನ ಅಭಿಪ್ರಾಯ ಕೇಳಲು ಹೊರಟರು.

ಇಲ್ಲಿ ಒಂದು ವಿಷಯ ಹೇಳಬೇಕು. ವಿಚಾರಣೆ ಕಿಟಕಿಗೆ ಒಂದು ಶಿಸ್ತಿದೆ. ಹಿಂದೆ ಸರದಿ ಕಾಯುತ್ತಿರುತ್ತದೆ. ಕೇಳುವವನು ಯಾಕೆ ಕೇಳುತ್ತೇನೆ ಎಂದು ಹೇಳಬಾರದು, ಹೇಳುವವರು ಯಾಕೆ ಎಂದು ಕೇಳಬಾರದು. ಈ ಶಿಸ್ತನ್ನು ನಮ್ಮವರು ಕಿಟಕಿಯ ಹೊರಗೂ ಪಾಲಿಸುತ್ತಾರೆ. ಮದುವೆಯ ಮಾತು ಬಂದಾಗಲೂ "ಒಪ್ಪಿಗೆನಾ?" ಎಂದಷ್ಟೇ ಕೇಳಿದರು. ನಾನು "ಹೂಂ" ಎಂದೆ. ಯಾಕೆ ಎಂದು ಇವತ್ತಿಗೂ ಕೇಳಿಲ್ಲ. ನಾನೂ ಹೇಳಿಲ್ಲ, ಬಿಡಿ.

ಆ ಶಿಸ್ತಿನಲ್ಲೇ ಅವರು ಬೀದಿ ಮೂಲೆಯ ಔಷಧದ ಅಂಗಡಿಗೆ ಹೋದರು.

"ವಿಷ ಕುಡಿದೋರು ನಿಮ್ಮ ಹತ್ರ ಬಂದ್ರೆ ಮೊದಲು ಏನು ಕೇಳ್ತಾರೆ?"

ಔಷಧದ ಅಂಗಡಿಯವರ ಕೈಯಲ್ಲಿದ್ದ ಮಾತ್ರೆ ಚೆಲ್ಲಿತು. "ಯಾರು ಕುಡಿದದ್ದು ಸ್ವಾಮಿ?"

"ಇನ್ನೂ ಯಾರೂ ಕುಡಿದಿಲ್ಲ. ಭಾನುವಾರ ಬೇಕಾಗುತ್ತೆ."

"ಎಷ್ಟು ಜನಕ್ಕೆ?"

"ಮೂರೇ ಜನ. ಮಗಳು ನೋಡ್ಕೊಳ್ತಾಳೆ."

ಅಂಗಡಿಯವರು ಗಲ್ಲಾ ಹಿಡಿದು ನಿಂತು, ಅಂಥವರು ಸಾಮಾನ್ಯವಾಗಿ 'ನನಗಿನ್ನೆಷ್ಟು ಹೊತ್ತಿದೆ' ಎಂದು ಕೇಳುತ್ತಾರೆ ಎಂದರು. ನಮ್ಮವರು ಥ್ಯಾಂಕ್ಸ್ ಹೇಳಿ ಸಂತೋಷದಿಂದ ಬಂದರು. ಮರುದಿನ ನಾನು ಕೆಮ್ಮಿನ ಔಷಧ ತರಲು ಹೋದರೆ, ಅವರು ಬಾಟಲಿ ಕೊಡಲೇ ಇಲ್ಲ. ಒಂದು ಚಮಚ ಅಳೆದು, ಅಲ್ಲೇ ನಿಂತು ಕುಡಿಯಿರಿ ಅಕ್ಕಾ ಎಂದರು.

ಆಮೇಲೆ ಮೇಲಿನ ಮಹಡಿಯ ಟೀಚರು. ಅವರು ಮಕ್ಕಳಿಗೆ ಗಣಿತ ಹೇಳುವವರು, ಧೈರ್ಯಸ್ಥೆ. ಅವರನ್ನು ಮೆಟ್ಟಿಲ ಮೇಲೆ ತಡೆದು ನಮ್ಮವರು, ಇದ್ದಕ್ಕಿದ್ದಂತೆ ಕಣ್ಣು ಕತ್ತಲಾದರೆ ಮೊದಲು ಏನಂತೀರಿ ಎಂದರು. "ಯಾರಾದ್ರೂ ದೀಪ ಹಾಕ್ರಪ್ಪಾ ಅಂತೀನಿ. ಯಾಕೆ?" ಯಾಕೆ ಎಂದು ಹೇಳುವುದು ಕಿಟಕಿಯ ಶಿಸ್ತಲ್ಲ. ಅದರ ಬದಲು, "ಈ ನಮ್ಮ ತಾರಸಿಯಿಂದ ಬಿದ್ರೆ ಪೆಟ್ಟು ಎಷ್ಟಾಗಬಹುದು, ನೀವು ಲೆಕ್ಕದೋರು, ಅಂದಾಜು ಹೇಳಿ."

ಸಂಜೆಯೊಳಗೆ ತಾರಸಿಗೆ ಬೀಗ ಬಿತ್ತು. ನನ್ನ ಒಂದು ಬಕೆಟ್ ಬಟ್ಟೆ ಮೇಲೇ ಉಳಿಯಿತು. ಟೀಚರು ನನ್ನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಪಿಸುಗುಟ್ಟಿದರು.

"ಕೀಲಿ ಕೊಡಲ್ಲ. ಬಟ್ಟೆ ಹೋದ್ರೆ ಬಟ್ಟೆ ತರಬಹುದು."

"ಟೀಚರ್, ಅದು ಆಟಕ್ಕೆ ಕಣ್ರೀ. ಮಗಳ ಪುಸ್ತಕಕ್ಕೆ."

"ನೀವು ಹಾಗೇ ನಂಬಿರಿ ತಾಯಿ. ಹೆಂಡತಿಗೆ ಯಾವಾಗಲೂ ಕೊನೇಲಿ ಗೊತ್ತಾಗೋದು."

ನಿಲ್ದಾಣದ ಮ್ಯಾನೇಜರು ಮೂರನೆಯವರು. ಆಟದಲ್ಲಿ ಭಾರಿ ಪ್ರಾಣಿ ಎದುರು ಬಂದಾಗ ಭಯದಿಂದ ಕೈಕಾಲು ಆಡದೆ ನಿಲ್ಲುವುದಕ್ಕೆ ಒಂದು ನಿಯಮವಿದೆಯಂತೆ. ಅದಕ್ಕೆ ಮಾತು ಬೇಕಾಗಿತ್ತು.

"ಸಾರ್, ನೀವು ಒಳಗೆ ಬಂದ ಕೂಡ್ಲೇ ಒಬ್ಬ ಹೆದರಿ ಮರಗಟ್ಟಿ ನಿಂತ ಅಂತಿಟ್ಕೊಳ್ಳಿ. ಅವನ ಬಾಯಲ್ಲಿ ಏನು ಬರುತ್ತೆ?"

ಮ್ಯಾನೇಜರು ಪೆನ್ನು ಕೆಳಗಿಟ್ಟರು. "ಯಾರ್ರೀ ಅವನು? ಟಿಕೆಟ್ ವಿಭಾಗದೋನಾ?"

"ಯಾರಾದ್ರೂ ಆಗಬಹುದು ಸಾರ್. ಎಲ್ರಿಗೂ ಆಗುತ್ತೆ. ತಪ್ಪಿಸ್ಕೊಳ್ಳೋರು ಕಡಿಮೆ."

"ನಾನೇನ್ರೀ ತಪ್ಪು ಮಾಡಿದೆ?" ಎಂದರು ಮ್ಯಾನೇಜರು, ದನಿ ಇಳಿದಿತ್ತು.

"'ನಾನೇನು ತಪ್ಪು ಮಾಡಿದೆ.' ಬಹಳ ಚೆನ್ನಾಗಿದೆ ಸಾರ್," ಎಂದು ನಮ್ಮವರು ಬರೆದುಕೊಂಡರು. ವರ್ಷದಿಂದ ಕೇಳಿದರೂ ಸಿಗದಿದ್ದ ಶನಿವಾರದ ರಜೆ ಅಂದೇ ಮಂಜೂರಾಯಿತು. ಮ್ಯಾನೇಜರು ಎದ್ದು ನಿಂತು, ಬಾಗಿಲವರೆಗೆ ಬಂದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೆಗಲು ತಟ್ಟಿ ಕಳಿಸಿದರಂತೆ. "ಒಳ್ಳೆ ಕೆಲಸಕ್ಕೆ ಎಲ್ಲರೂ ಸಹಾಯ ಮಾಡ್ತಾರೆ ನೋಡು," ಎಂದು ನಮ್ಮವರು ನನಗೆ ಉಪದೇಶ ಮಾಡಿದರು.

ಕೊನೆಗೆ ಅವರ ಅಕ್ಕನಿಗೆ ಫೋನು. ಆ ಅತ್ತಿಗೆ ಪಕ್ಕದ ಊರಿನಲ್ಲಿದ್ದಾರೆ. ಅವರಪ್ಪನ ಮನೆ ಖಾಲಿ ಮಾಡುವಾಗ ಗೋಡೆಯ ದೊಡ್ಡ ಗಡಿಯಾರ ಕಾಣೆಯಾಗಿ, ಆಮೇಲೆ ಅವರ ಮನೆಯ ಮಲಗುವ ಕೋಣೆಯಿಂದ ಗಂಟೆ ಹೊಡೆಯುವ ಸದ್ದು ಕೇಳಿಸತೊಡಗಿತ್ತು. ಯಾರೂ ಏನೂ ಕೇಳಿರಲಿಲ್ಲ. ನಮ್ಮವರಿಗಂತೂ ಅದು ನೆನಪಿನಲ್ಲೇ ಇರಲಿಲ್ಲ.

"ಅಕ್ಕಾ, ನೀನು ಒಂದು ಮನೆಯಿಂದ ಏನೋ ಒಂದು ಸಾಮಾನು ಎತ್ಕೊಂಡು ಹೋದೆ. ಸಿಕ್ಕಿಬಿದ್ದೆ. ಮೊದಲು ಏನಂತೀಯ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, "ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲಕ್ಕ. ಎಲ್ಲ ಪುಸ್ತಕದಲ್ಲಿದೆ."

"ಪುಸ್ತಕದಲ್ಲಿ ಬರೆದಿಟ್ಟಿದೀಯಾ ಗುಂಡಾ?" ಅತ್ತಿಗೆ ಫೋನು ಇಟ್ಟುಬಿಟ್ಟರು. ನಮ್ಮವರು 'ಯಾರು ಹೇಳಿದ್ರು ನಿಂಗೆ' ಎಂದು ಹಳದಿ ಪಟ್ಟಿಯ ಮೇಲೆ ಬರೆದು ಅಂಟಿಸಿದರು.

ಭಾನುವಾರ ಬಂತು. ಮೂವರೂ ಗೆಳೆಯರು ಸಾವಿನ ಮನೆಗೆ ಬಂದವರಂತೆ ಬಂದು ಕೂತರು. ನಮ್ಮವರು ಪುಸ್ತಕಗಳನ್ನು ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟರು. ಸುತ್ತಲೂ ಪಟ್ಟಿಗಳು ಕೆದರಿಕೊಂಡು ಮೂರೂ ಮುಳ್ಳುಹಂದಿಗಳ ಹಾಗೆ ಕಾಣುತ್ತಿದ್ದವು.

"ಅಪ್ಪಾ! ಏನಿದು?" ಮಗಳು ಒಂದೊಂದೇ ಓದಿದಳು. "'ಅಯ್ಯೋ.' 'ನಾನೇನು ತಪ್ಪು ಮಾಡಿದೆ.' 'ಯಾರು ಹೇಳಿದ್ರು ನಿಂಗೆ.' ಇದೇನು ನಿಯಮದ ಪುಸ್ತಕಾನಾ, ಅತ್ತೆ ಸೊಸೆ ಜಗಳಾನಾ?"

ಮಂತ್ರವಾದಿ ನಕ್ಕುಬಿಟ್ಟ. ಮಗಳು ನಗಲಿಲ್ಲ. "ಒಂದು ದಿನ ಉಳಿದಿತ್ತು, ಸರಿಯಾಗಿ ಆಡಿ ಮುಗಿಸೋಣ ಅಂದ್ಕೊಂಡಿದ್ದೆ," ಎಂದಳು, ಮೆಲ್ಲಗೆ.

ನಮ್ಮವರು ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಪಾತ್ರೆ ದಾಟಿಸುವ ಒಂದು ಕಿಂಡಿ ಇದೆ. ಅದರಾಚೆ ಮಕ್ಕಳ ಮೊಣಕೈಗಳು ಕಾಣುತ್ತವೆ. ನಾನು ಒಂದು ಲೋಟ ಚಹಾ ಕೊಟ್ಟೆ. ಕುಡಿಯಲಿಲ್ಲ. ನಾನು ಈರುಳ್ಳಿ ಹೆಚ್ಚತೊಡಗಿದೆ. ಅಂಥ ಹೊತ್ತಿನಲ್ಲಿ ಅದು ಒಳ್ಳೆಯ ಕೆಲಸ, ಕಣ್ಣಲ್ಲಿ ನೀರು ಬಂದರೆ ಯಾರೂ ಏನೂ ಕೇಳುವುದಿಲ್ಲ.

ಆಟ ಕುಂಟುತ್ತ ಶುರುವಾಯಿತು. ಕಳ್ಳಿ ಗೋಪುರದ ಪೆಟ್ಟಿಗೆ ಒಡೆದಳು, ಸೀಸೆ ಸಿಕ್ಕಿತು, ಕುಡಿದಳು. ಮಗಳು ಅದು ವಿಷ ಎಂದಳು.

"ಅಯ್ಯಯ್ಯೋ, ವಿಷ ಕುಡಿದ್ಬಿಟ್ನಾ!" ಎಂದು ಕಳ್ಳಿ ಕೂಗಿದ್ದೇ ತಡ, ಹೊರಬಾಗಿಲು ದಡಾರನೆ ತೆರೆಯಿತು. ಔಷಧದ ಅಂಗಡಿಯವರು ಒಂದು ಚೀಲ ಹಿಡಿದು ನುಗ್ಗಿದರು. ಭಾನುವಾರ ಅಂಗಡಿಗೆ ಬೀಗ ಹಾಕಿ ಬೆಳಿಗ್ಗೆಯಿಂದ ನಮ್ಮ ಗೇಟಿನ ಎದುರೇ ಕಾದಿದ್ದರಂತೆ, ಪುಣ್ಯಾತ್ಮರು.

ಕಳ್ಳಿಯ ಕೈ ಹಿಡಿದು ನಾಡಿ ನೋಡಿದರು. "ಏನಮ್ಮ ಕುಡಿದೆ? ಸೀಸೆ ಎಲ್ಲಿ?"

"ಪೆಟ್ಟಿಗೇಲಿತ್ತು ಅಂಕಲ್. ಪೆಟ್ಟಿಗೆ ಗೋಪುರದಲ್ಲಿ."

"ಯಾವ ಗೋಪುರ?"

"ಮೊನ್ನೆ ಇವನು ಮೇಲಿಂದ ಬಿದ್ನಲ್ಲ, ಅದು."

"ಬಿದ್ರಾ!" ಬಾಗಿಲಲ್ಲಿ ಮೇಲಿನ ಮಹಡಿಯ ಟೀಚರು. "ಹೇಗೆ ಬಿದ್ರು? ಬೀಗ ನಾನೇ ಹಾಕಿದ್ದೆ! ಕೀಲಿ ನನ್ನ ಸೊಂಟದಲ್ಲಿದೆ!"

ಅವರ ಹಿಂದೆ ಹಣ್ಣಿನ ಬುಟ್ಟಿ ಹಿಡಿದ ಮ್ಯಾನೇಜರು. ವಿಷ, ಬಿದ್ದರು ಎಂಬೆರಡು ಮಾತು ಕಿವಿಗೆ ಬಿದ್ದು ಅವರ ಮುಖ ಬಿಳುಚಿತು. "ಎಲ್ಲ ನನ್ನಿಂದಾನೇ. ರಜೆ ಮೊದಲೇ ಕೊಟ್ಟಿದ್ರೆ ಇಷ್ಟಾಗ್ತಿರಲಿಲ್ಲ," ಎಂದು ಚಪ್ಪಲಿ ಗೂಡಿನ ಮೇಲೆ ಕೂತೇಬಿಟ್ಟರು. ಅವರನ್ನು ದಾಟಿಕೊಂಡು, ಬೆಡ್‌ಶೀಟಿನಲ್ಲಿ ಸುತ್ತಿದ ಗಡಿಯಾರವನ್ನು ಮಗುವಿನಂತೆ ಎತ್ತಿಕೊಂಡು ಅತ್ತಿಗೆ ಬಂದರು. "ತಗೋ ಗುಂಡಾ. ಪುಸ್ತಕದಿಂದ ನನ್ನ ಹೆಸರು ತೆಗಿ. ಅಪ್ಪನ ನೆನಪಿಗೆ ಅಂತ ಒಯ್ದದ್ದು ಕಣೋ." ಗಡಿಯಾರ ಬೆಡ್‌ಶೀಟಿನೊಳಗಿಂದಲೇ ಗಂಟೆ ಹೊಡೆಯಿತು.

ಮನೆ ಸಂತೆಯಾಯಿತು. ಮಗಳು ತಲೆ ಮೇಲೆ ಕೈ ಹೊತ್ತು ಕೂತಳು. ಇಷ್ಟರ ನಡುವೆ, ಒಂದು ಕೈ ಇನ್ನೂ ಔಷಧದ ಅಂಗಡಿಯವರ ಹಿಡಿತದಲ್ಲಿದ್ದ ಕಳ್ಳಿ, ಪಾಪ, ಅವಳ ಚಿಂತೆ ಅವಳಿಗೆ. ಮಗಳ ಕಡೆ ತಿರುಗಿ ಕೇಳಿದಳು:

"ಅದೆಲ್ಲ ಇರಲಿ ಕಣೇ, ನನಗಿನ್ನೆಷ್ಟು ಹೊತ್ತಿದೆ?"

ಅಡುಗೆಮನೆಯ ಕಿಂಡಿಯಿಂದ ದನಿ ಬಂತು. ಅದು ನಮ್ಮವರ ಮನೆಯ ದನಿಯಲ್ಲ. ಕಿಟಕಿಯ ದನಿ.

"ಎರಡನೇ ಪುಸ್ತಕ. ನೀಲಿ ಪಟ್ಟಿ. ಮುಂದಿನೋರು ಬನ್ನಿ."

ಮಗಳ ಕೈ ತಾನಾಗಿ ಹೋಯಿತು. 'ನನಗಿನ್ನೆಷ್ಟು ಹೊತ್ತಿದೆ' ಹಿಡಿದು ಎಳೆದಳು. ಪುಸ್ತಕ ತೆರೆದುಕೊಂಡಿತು. ವಿಷ ಏರುವುದಕ್ಕೆ ಎಷ್ಟು ಹೊತ್ತು, ಇಳಿಸುವುದಕ್ಕೆ ಏನು, ಎರಡೂ ಅಲ್ಲೇ. ಅವಳು ಓದಿದಳು. ಕಳ್ಳಿ ದಾಳ ಹಾಕಿದಳು, ಬದುಕಿದಳು. ಔಷಧದ ಅಂಗಡಿಯವರು ಉಸ್ಸೆಂದು ಕೈ ಬಿಟ್ಟರು.

"ನಾನು ಹೇಳಿದ್ದ ಮಾತದು," ಎಂದರು, ಪಟ್ಟಿ ನೋಡಿ.

"ನಂಗೇನೂ ಕಾಣ್ತಿಲ್ಲ, ಯಾರಾದ್ರೂ ದೀಪ ಹಾಕ್ರೋ!" ಎಂದ ಮಂತ್ರವಾದಿ, ಪರೀಕ್ಷೆ ಮಾಡಲೆಂದೇ.

"ಮೊದಲ್ನೇದು, ಬಿಳಿ," ಎಂದಿತು ಕಿಂಡಿ. ಸಿಕ್ಕಿತು. ಟೀಚರು ಕುರ್ಚಿ ಎಳೆದುಕೊಂಡು ಕೂತರು. ಭಾರಿ ಪ್ರಾಣಿ ಬಂದಾಗ ಸೇನಾಪತಿ ನಡುಗುತ್ತ "ನಾನೇನು ತಪ್ಪು ಮಾಡಿದೆ?" ಎಂದರೆ, ಪಟ್ಟಿ ತೋರಿಸಿದವರು ಮ್ಯಾನೇಜರೇ. ಅಂದು ಆಫೀಸಿನಲ್ಲಿ ಆ ಪ್ರಾಣಿಯ ಜಾಗದಲ್ಲಿದ್ದದ್ದು ತಾವೇ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹಳದಿ ಪಟ್ಟಿ ತೆರೆದಾಗ ಮಾತ್ರ ಅತ್ತಿಗೆ ಗಡಿಯಾರಕ್ಕೆ ಬೆಡ್‌ಶೀಟು ಇನ್ನೊಂದು ಸುತ್ತು ಸುತ್ತಿದರು.

ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ನನ್ನ 'ಅಯ್ಯೋ' ಪೂರ್ತಿ ಕೈಕೊಟ್ಟಿತು. ಬಿದ್ದದ್ದು, ಸುಟ್ಟದ್ದು, ಕಳೆದದ್ದು, ಮಂತ್ರ ತಿರುಗಿ ತನಗೇ ಬಡಿದದ್ದು ಎಲ್ಲವೂ ಅದರ ಕೆಳಗೇ ಬಂದು, ಮೂರು ಪುಸ್ತಕಗಳಲ್ಲೂ 'ಅಯ್ಯೋ'ಗಳು ಬಾಚಣಿಗೆಯ ಹಲ್ಲಿನಂತೆ ನಿಂತಿದ್ದವು. ಮಂತ್ರವಾದಿ ಮತ್ತೆ ಕಾಲು ಜಾರಿದ. ಎಲ್ಲರೂ "ಅಯ್ಯೋ" ಎಂದರು. ಎಲ್ಲರೂ ಕಿಂಡಿಯ ಕಡೆ ತಿರುಗಿದರು.

"ಅಪ್ಪಾ," ಎಂದಳು ಮಗಳು, "ಯಾವ ಅಯ್ಯೋ?"

"ಅದೇ ಯೋಚಿಸ್ತಿದೀನಿ."

ಮಗಳು ಪೆನ್ಸಿಲ್ ತೆಗೆದುಕೊಂಡಳು. "ಬಿದ್ದ ಅಯ್ಯೋ, ಸುಟ್ಟ ಅಯ್ಯೋ, ಕಳ್ಕೊಂಡ ಅಯ್ಯೋ," ಎನ್ನುತ್ತ ಒಂದೊಂದರ ಮೇಲೂ ಬರೆದಳು. "ಅಪ್ಪಾ, ಅಲ್ಲೇ ಕೂತ್ಕೊಂಡ್ರೆ ಹೇಗೆ, ಇಲ್ಲಿ ಬಾ" ಎಂದಳು. ಅವರು ಬರಲಿಲ್ಲ. ತಮಗೆ ಕಿಂಡಿಯೇ ಅನುಕೂಲ ಎಂದರು. ಆದರೆ ಆರಿದ ಚಹಾ ಒಂದೇ ಗುಟುಕಿಗೆ ಕುಡಿದರು. ಮಂತ್ರವಾದಿ ಈ ಸಲ ಜಾರಿದ ಕೂಡಲೇ ನೆಲ ಮುಟ್ಟಿದ. ಇಷ್ಟು ಬೇಗ ಬೀಳುವುದು ಅನ್ಯಾಯ ಎಂದು ಗಲಾಟೆ ಮಾಡಿದ.

ಗೋಪುರದ ಕಥೆ ಮುಗಿಯಲಿಲ್ಲ. ನಡುವೆ ಔಷಧದ ಅಂಗಡಿಯವರು ವಿಷದ ಬಗ್ಗೆ ಪುಸ್ತಕ ಹೇಳುವುದು ತಪ್ಪೆಂದು ವಾದ ಹೂಡಿದ್ದರು. ಟೀಚರು ಬೀಳುವ ವೇಗದ ಲೆಕ್ಕ ಹಾಕುತ್ತಿದ್ದರು. ಹಣ್ಣಿನ ಬುಟ್ಟಿ ಖಾಲಿಯಾಗಿತ್ತು. ಹೊರಗೆ ಬೀದಿದೀಪ ಹತ್ತಿತು. ಎಲ್ಲರೂ ಎದ್ದು ನಿಂತು ಚಪ್ಪಲಿ ಹುಡುಕಿದರು, ಯಾರೂ ಬಾಗಿಲು ದಾಟಲಿಲ್ಲ. ಇದು ಕೊನೆಯ ಭಾನುವಾರ ಎಂಬ ಮಾತು ಎಲ್ಲರ ತಲೆಯಲ್ಲೂ ಇತ್ತು. 

ಸೇನಾಪತಿಯೇ ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ಕಿಂಡಿಯ ಹತ್ತಿರ ಬಗ್ಗಿ ಕೇಳಿದಳು.

"ಅಂಕಲ್, ಮುಂದಿನದು ಎಷ್ಟೊತ್ತಿಗೆ?"

ನಮ್ಮವರು ಬಾಯಿ ತೆರೆದರು. ಆದರೆ ಮಗಳು ಮೊದಲನೆಯ ಪುಸ್ತಕದ ರಟ್ಟು ತೆರೆದಿದ್ದಳು. ಖಾಲಿ ಉಳಿದಿದ್ದ ಕೆಂಪು ಪಟ್ಟಿಯ ಮೇಲೆ ದೊಡ್ಡದಾಗಿ 'ಮುಂದಿನದು ಎಷ್ಟೊತ್ತಿಗೆ?' ಎಂದು ಬರೆದು, ಅದರ ಪಕ್ಕದ ಪುಟದಲ್ಲಿ ಉತ್ತರವನ್ನೂ ಬರೆದು, ಪುಸ್ತಕವನ್ನು ಕಿಂಡಿಯೊಳಗೆ ದಾಟಿಸಿದಳು.

ನಮ್ಮವರು ಕನ್ನಡಕ ಮೂಗಿನ ಮೇಲೇರಿಸಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದರು. "ಭಾನುವಾರ. ನಾಲ್ಕಕ್ಕೆ. ಇಲ್ಲಿಂದಲೇ."

ಅತ್ತಿಗೆಯ ಗಡಿಯಾರ ಆ ರಾತ್ರಿಯೇ ಊಟದ ಮೇಜಿನ ಎದುರಿನ ಗೋಡೆ ಸೇರಿತು. ನನ್ನ ಬಟ್ಟೆ ಮಾತ್ರ ಇನ್ನೂ ತಾರಸಿಯ ಮೇಲೇ ಇದೆ. ಟೀಚರು ಕೀಲಿ ತಂದಿದ್ದವರು, ಮುಂದಿನ ಭಾನುವಾರದವರೆಗೆ ತಮ್ಮ ಹತ್ತಿರವೇ ಇರಲಿ ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಮಂತ್ರವಾದಿಯನ್ನು ಅವರು ಇನ್ನೂ ಪೂರ್ತಿ ನಂಬಿಲ್ಲ.